ಸೂಜಿಗೂ ಮುಂಚಿನ ಪರೀಕ್ಷೆ: ರಕ್ತದಾನಿಗಳಲ್ಲಿ ವೈರಸ್ ಸೋಂಕಿನ ತಪಾಸಣೆ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ರಕ್ತ ಕೇಂದ್ರಗಳಿಗೆ ಹೊಸದಾಗಿ ಸೇರುವ ಪ್ರಯೋಗಶಾಲಾ ತಂತ್ರಜ್ಞರು, ಆಪ್ತ ಸಮಾಲೋಚಕರು ಹಾಗೂ ಶಿಬಿರಗಳಿಗೆ ಹೋಗುವ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಮ್ಮ ದೇಶದ ಕಾನೂನಿನ ಪ್ರಕಾರ ಸಂಗ್ರಹಿಸಿದ ಪ್ರತಿಯೊಂದು ಯೂನಿಟ್ ರಕ್ತವನ್ನೂ ಎಚ್‌ಐವಿ 1 ಮತ್ತು 2, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಎಂಬ ಐದು ಸೋಂಕುಗಳಿಗೆ ಪರೀಕ್ಷಿಸಲೇಬೇಕು. ಇವುಗಳಲ್ಲಿ ಮೊದಲ ಮೂರು ವೈರಸ್‌ಗಳು. ಈ ಬರಹ ಆ ಮೂರಕ್ಕೇ ಸೀಮಿತ. ಯಂತ್ರದ ಕೆಲಸವನ್ನು ಕಿಟ್‌ನ ಕೈಪಿಡಿ ಚೆನ್ನಾಗಿಯೇ ಕಲಿಸುತ್ತದೆ. ಆದರೆ ಯಂತ್ರದ ಮುಂದೆ ಟ್ಯೂಬ್ ಬರುವ ಮೊದಲು, ಕುರ್ಚಿಯ ಮೇಲೆ ಕೂತ ಮನುಷ್ಯನೊಂದಿಗೆ ನಡೆಯಬೇಕಾದ ಮಾತನ್ನು ಯಾವ ಕೈಪಿಡಿಯೂ ನಮ್ಮ ಸೀಮೆಯ ಭಾಷೆಯಲ್ಲಿ ಕಲಿಸುವುದಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮಾತು ಏಕೆ ಮೊದಲು

ಸೋಂಕು ದೇಹವನ್ನು ಹೊಕ್ಕ ದಿನಕ್ಕೂ ಅದು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಒಂದು ಅಂತರವಿರುತ್ತದೆ. ಇದನ್ನೇ ವಿಂಡೋ ಪಿರಿಯಡ್ ಎನ್ನುತ್ತೇವೆ. ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಮಾತ್ರ ಹುಡುಕುವ ಎಲೈಸಾ (ಬಣ್ಣ ಬರುವುದನ್ನು ನೋಡಿ ತಿಳಿಯುವ ಪ್ರಯೋಗಶಾಲಾ ವಿಧಾನ) ಪರೀಕ್ಷೆಯಲ್ಲಿ ಎಚ್‌ಐವಿಗೆ ಈ ಅಂತರ ಸುಮಾರು ಮೂರು ವಾರ. ಪಿ24 ಎಂಬ ಪ್ರತಿಜನಕವನ್ನೂ, ಅಂದರೆ ವೈರಸ್ಸಿನದೇ ಪ್ರೋಟೀನನ್ನೂ, ಜೊತೆಗೆ ಹುಡುಕುವ ನಾಲ್ಕನೆಯ ತಲೆಮಾರಿನ ಕಿಟ್‌ಗಳಲ್ಲಿ ಅದು ಎರಡು ವಾರಗಳ ಆಸುಪಾಸಿಗೆ ಇಳಿಯುತ್ತದೆ. ಹೆಪಟೈಟಿಸ್ ಬಿ ವೈರಸ್‌ನ ಮೇಲ್ಮೈ ಪ್ರತಿಜನಕ ಕಾಣಿಸಲು ಐದಾರು ವಾರ ಬೇಕು. ಹೆಪಟೈಟಿಸ್ ಸಿ ಪ್ರತಿಕಾಯಕ್ಕಂತೂ ಎರಡು ತಿಂಗಳು ಹಿಡಿಯಬಹುದು. ವೈರಸ್‌ನ ಆನುವಂಶಿಕ ಅಂಶವನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಈ ಅಂತರವನ್ನು ಹೆಪಟೈಟಿಸ್ ಸಿಯಲ್ಲಿ ಸುಮಾರು ಒಂದು ವಾರಕ್ಕೆ, ಎಚ್‌ಐವಿಯಲ್ಲಿ ಹತ್ತು ಹನ್ನೊಂದು ದಿನಗಳಿಗೆ, ಹೆಪಟೈಟಿಸ್ ಬಿಯಲ್ಲಿ ಮೂರು ವಾರಗಳಿಗೆ ತಗ್ಗಿಸುತ್ತದೆಯಾದರೂ ಶೂನ್ಯಕ್ಕೆ ತರುವುದಿಲ್ಲ. ಅಲ್ಲದೆ ನಮ್ಮಲ್ಲಿ ನ್ಯಾಟ್ ಕಾನೂನಿನ ಕಡ್ಡಾಯವೂ ಅಲ್ಲ, ವೆಚ್ಚದ ಕಾರಣದಿಂದ ಎಲ್ಲೆಡೆ ಇರುವಂಥದ್ದೂ ಅಲ್ಲ. ಆ ಕಾಣದ ದಿನಗಳಲ್ಲಿ ಬಂದ ದಾನಿಯನ್ನು ತಡೆಯಬಲ್ಲದ್ದು ಒಂದೇ, ಅವರು ಬಾಯಿಬಿಟ್ಟು ಹೇಳುವ ನಿಜ.

ಪ್ರಶ್ನೆಗಳನ್ನು ನಮ್ಮ ಮಾತಿನಲ್ಲಿ ಕೇಳುವ ಬಗೆ

ಮುದ್ರಿತ ಪ್ರಶ್ನಾವಳಿ ಕೈಗೆ ಕೊಟ್ಟು ‘ಸಹಿ ಮಾಡಿ’ ಎಂದರೆ ತಪಾಸಣೆ ಆಗಲಿಲ್ಲ. ಆ ಹಾಳೆಯಲ್ಲಿ ‘ನಿಮಗೆ ಯಕೃತ್ತಿನ ಉರಿಯೂತ ಇತ್ತೇ?’ ಎಂದು ಬರೆದಿದ್ದರೆ ಸೇಡಂ ಕಡೆಯ ರೈತ ‘ಇಲ್ಲ’ ಎಂದೇ ಗುರುತು ಹಾಕುತ್ತಾನೆ, ಮತ್ತು ಅವನು ಸುಳ್ಳು ಹೇಳಿದನೆಂದು ಯಾರೂ ಹೇಳುವಂತಿಲ್ಲ. ಯಕೃತ್ತಿನ ಉರಿಯೂತವೆಂದರೆ ಹೆಪಟೈಟಿಸ್, ಆದರೆ ಅವನ ಮಾತಿನಲ್ಲಿ ಆದದ್ದು ‘ಕಾಮಣಿ’, ಅಂದರೆ ಕಾಮಾಲೆ. ಆದ್ದರಿಂದ ‘ಎಂದಾದರೂ ಕಾಮಣಿ ಆಗಿತ್ತೇನ್ರಿ? ಕಣ್ಣು ಹಳದಿ ಆಗಿದ್ವೇನು?’ ಎಂದೇ ಕೇಳಬೇಕು. ಆಗಿತ್ತೆಂದರೆ ಯಾವಾಗ, ಎಲ್ಲಿ ತೋರಿಸಿದಿರಿ, ರಕ್ತಪರೀಕ್ಷೆಯ ಕಾಗದ ಇದೆಯೇ ಎಂದು ಮುಂದುವರಿಯಬೇಕು. ಬಹಳಷ್ಟು ಜನ ಕಾಮಣಿಗೆ ನಾಟಿ ಔಷಧವನ್ನೇ ತೆಗೆದುಕೊಂಡಿರುತ್ತಾರೆ. ಕೆಲವರ ಮುಂಗೈಯಲ್ಲಿ ಆ ಚಿಕಿತ್ಸೆಗೆಂದು ಸುಟ್ಟ ಗುರುತೂ ಇರುತ್ತದೆ. ರಕ್ತನಾಳ ನೋಡುವ ನೆಪದಲ್ಲಿ ಎರಡೂ ತೋಳುಗಳನ್ನು ಬೆಳಕಿನಲ್ಲಿ ನೋಡಿದರೆ ಸೂಜಿಯ ಗುರುತು, ಹೊಸ ಹಚ್ಚೆ, ಸುಟ್ಟ ಕಲೆ ಎಲ್ಲವೂ ಕಾಣುತ್ತವೆ.

ಈ ಉತ್ತರದ ಮೇಲೆ ನಿರ್ಧಾರ ಹೀಗಿರುತ್ತದೆ. ಹೆಪಟೈಟಿಸ್ ಎ ಅಥವಾ ಇ ಎಂದು ಖಚಿತವಾಗಿ ಗೊತ್ತಿದ್ದರೆ 12 ತಿಂಗಳು ಮುಂದೂಡಬೇಕು. ಬಿ ಅಥವಾ ಸಿ ಆಗಿದ್ದರೆ ಶಾಶ್ವತವಾಗಿ ರಕ್ತ ತೆಗೆದುಕೊಳ್ಳುವಂತಿಲ್ಲ. ಯಾವ ಬಗೆಯದೆಂದು ತಿಳಿಯದ ಹೆಪಟೈಟಿಸ್‌ಗೂ ರಾಷ್ಟ್ರೀಯ ರಕ್ತ ವರ್ಗಾವಣೆ ಪರಿಷತ್ತಿನ 2017ರ ಮಾರ್ಗಸೂಚಿ ಶಾಶ್ವತ ನಿರಾಕರಣೆಯನ್ನೇ ಹೇಳುತ್ತದೆ. ನಮ್ಮ ಹಳ್ಳಿಗಳ ಕಾಮಣಿಯಲ್ಲಿ ಹೆಚ್ಚಿನದಕ್ಕೆ ಕಾಗದವೇ ಇರುವುದಿಲ್ಲವಾದ್ದರಿಂದ ಈ ನಿಯಮ ಕಠಿಣವೆನ್ನಿಸಬಹುದು. ನನಗೂ ಹಾಗೆ ಅನ್ನಿಸಿದೆ. ಆದರೂ ಅನುಮಾನದ ಲಾಭ ರೋಗಿಗೆ ಸಿಗಬೇಕೇ ಹೊರತು ದಾನಿಯ ಉತ್ಸಾಹಕ್ಕಲ್ಲ. ಮನೆಯಲ್ಲಿ ಗಂಡ, ಹೆಂಡತಿ ಅಥವಾ ಜೊತೆಗೇ ಇರುವ ಇನ್ನಾರಿಗಾದರೂ ಹೆಪಟೈಟಿಸ್ ಇದ್ದರೆ 12 ತಿಂಗಳು ಕಾಯಿಸಬೇಕು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಒಣಗಿದ ರಕ್ತದಲ್ಲಿಯೂ ಕನಿಷ್ಠ ಏಳು ದಿನ ಬದುಕಿರಬಲ್ಲದಾದ್ದರಿಂದ ಒಂದೇ ಬ್ಲೇಡು, ಒಂದೇ ಹಲ್ಲುಜ್ಜುವ ಬ್ರಷ್ಷು ಹಂಚಿಕೊಳ್ಳುವುದೂ ದಾರಿಯಾಗುತ್ತದೆ.

ಹಚ್ಚೆಯ ವಿಷಯವನ್ನು ನಮ್ಮ ಭಾಗದಲ್ಲಿ ಪ್ರತ್ಯೇಕವಾಗಿ ಕೇಳಬೇಕು. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಿರಲಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಿರಲಿ, ಯಾದಗಿರಿ ಬಳಿಯ ಮೈಲಾಪುರದ ಮಲ್ಲಯ್ಯನ ಜಾತ್ರೆಯಿರಲಿ, ಜಾತ್ರೆಯ ಬಯಲಿನಲ್ಲಿ ಕೈಮೇಲೆ ದೇವರ ಹೆಸರು ಬರೆಸಿಕೊಳ್ಳುವುದು ಹರೆಯದವರಿಗೆ ಸಂಭ್ರಮ, ಆದರೆ ಒಬ್ಬರಿಗೆ ಚುಚ್ಚಿದ ಸೂಜಿ ಮುಂದಿನವರಿಗೆ ಬದಲಾಯಿತೇ ಎಂಬುದನ್ನು ಆ ಗದ್ದಲದಲ್ಲಿ ಯಾರೂ ನೋಡಿರುವುದಿಲ್ಲ. ಹಚ್ಚೆ ಅಥವಾ ಕಿವಿ, ಮೂಗು ಚುಚ್ಚಿಸಿಕೊಂಡವರನ್ನು 12 ತಿಂಗಳು ಮುಂದೂಡಬೇಕು. ದಿನಾಂಕ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ‘ಈ ಜಾತ್ರೆಯಲ್ಲಿಯೋ, ಹೋದ ಜಾತ್ರೆಯಲ್ಲಿಯೋ?’ ಎಂದರೆ ತಕ್ಷಣ ಹೇಳುತ್ತಾರೆ. ಹೋಳಿ, ಸಂಕ್ರಾಂತಿ, ತೊಗರಿ ರಾಶಿ ಇವೆಲ್ಲ ನಮ್ಮ ಜನರ ಪಂಚಾಂಗ. ಒಂದು ಎಚ್ಚರಿಕೆಯೆಂದರೆ, ಮೊಹರಂ ಮತ್ತು ಉರುಸಿನ ಲೆಕ್ಕ ಹೇಳಿದರೆ ಅವು ಚಾಂದ್ರಮಾನದವಾದ್ದರಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತವೆ, ಹೀಗಾಗಿ ಮೊಹರಂನಿಂದ ಮೊಹರಂಗೆ ಪೂರ್ಣ 12 ತಿಂಗಳು ಆಗುವುದಿಲ್ಲ.

ಮುಂದಿನ ಪ್ರಶ್ನೆ ಸೂಜಿಯದು. ‘ಈ ವರ್ಷದಾಗ ಎಲ್ಲಾದರೂ ಸೂಜಿ ಮಾಡಿಸ್ಕೊಂಡೀರೇನು, ಸಲೈನ್ ಹಚ್ಚಿಸ್ಕೊಂಡೀರೇನು?’ ಎಂದು ಕೇಳಿ, ಎಲ್ಲಿ ಎಂಬುದನ್ನೂ ಕೇಳಬೇಕು. ಓದಿದ ವೈದ್ಯರಲ್ಲದವರ ಬಳಿ ಸೂಜಿ ಮಾಡಿಸಿಕೊಳ್ಳುವುದು ಇಲ್ಲಿ ಅಪರೂಪವೇನಲ್ಲ. ರಕ್ತ ಪಡೆದವರು, ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಆಸ್ಪತ್ರೆಯ ಕೆಲಸದಲ್ಲಿ ಬಳಸಿದ ಸೂಜಿ ಚುಚ್ಚಿಸಿಕೊಂಡವರು 12 ತಿಂಗಳು ಕಾಯಬೇಕು. ನಾಯಿ ಕಚ್ಚಿ ರೇಬಿಸ್ ಲಸಿಕೆ ಪಡೆದವರೂ ಒಂದು ವರ್ಷ ಕಾಯಬೇಕು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಕೆಲವು ದಿನ ಆ ಲಸಿಕೆಯ ಪ್ರತಿಜನಕವೇ ರಕ್ತದಲ್ಲಿ ಸಿಕ್ಕಿ ಪರೀಕ್ಷೆಯನ್ನು ದಾರಿ ತಪ್ಪಿಸಬಹುದಾದ್ದರಿಂದ ಅದನ್ನೂ ಕೇಳಿ ಬರೆದುಕೊಳ್ಳಿ. ಡೆಂಗಿ, ಚಿಕುನ್‌ಗುನ್ಯಾ ಆದವರು ಪೂರ್ತಿ ಗುಣವಾದ ಮೇಲೆ ಆರು ತಿಂಗಳು ಬಿಡಬೇಕು. ಈ ಎರಡೂ ವೈರಸ್‌ಗಳಿಗೆ ನಾವು ದಾನಿಯ ರಕ್ತದಲ್ಲಿ ಪರೀಕ್ಷೆಯನ್ನೇ ಮಾಡುವುದಿಲ್ಲವೆಂಬುದನ್ನು ನೆನಪಿಡಬೇಕು. ಇಲ್ಲಿ ಪ್ರಶ್ನೆಯೊಂದೇ ಕಾವಲು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಲೈಂಗಿಕ ಸಂಬಂಧದ್ದು. ಕೂಲಿಗೆಂದು ಮುಂಬೈ, ಪುಣೆ, ಬೆಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವ ಮನೆಗಳು ನಮ್ಮಲ್ಲಿ ಸಾವಿರಾರು. ಗುಳೆ ಹೋದವರೆಲ್ಲರನ್ನೂ ಅನುಮಾನಿಸುವುದು ಅನ್ಯಾಯ, ಹಾಗೆಂದು ಯಾರನ್ನೂ ಕೇಳದೆ ಬಿಡುವುದು ಅಪಾಯ. ಎಲ್ಲರಿಗೂ ಒಂದೇ ಮಾತಿನಲ್ಲಿ ಕೇಳುವುದೇ ಇದಕ್ಕೆ ಪರಿಹಾರ: ‘ಈ ಪ್ರಶ್ನೆಯನ್ನು ಇಲ್ಲಿಗೆ ಬಂದ ಪ್ರತಿಯೊಬ್ಬರಿಗೂ ಕೇಳುತ್ತೇವೆ, ನಿಮಗೊಬ್ಬರಿಗೇ ಅಲ್ಲ’ ಎಂದು ಮೊದಲೇ ಹೇಳಿ, ಮದುವೆಯ ಸಂಗಾತಿಯಲ್ಲದೆ ಬೇರೆಯವರೊಂದಿಗೆ ಸಂಬಂಧ, ನಶೆಗಾಗಿ ಸೂಜಿಯ ಬಳಕೆ ಇವುಗಳನ್ನು ಕೇಳಬೇಕು. ಉತ್ತರ ಕೇಳುವಾಗ ಮುಖದಲ್ಲಿ ಹುಬ್ಬೇರಿದರೂ ಸಾಕು, ಮುಂದಿನ ಉತ್ತರ ಸುಳ್ಳಾಗುತ್ತದೆ. ದಖ್ಖನಿ ಉರ್ದು ಮಾತಾಡುವವರು, ಲಂಬಾಣಿ ತಾಂಡಾಗಳಿಂದ ಬಂದವರು, ಬೀದರಿನ ಗಡಿಯ ಮರಾಠಿ, ತೆಲುಗು ಮನೆಮಾತಿನವರು ಎಲ್ಲರೂ ನಮ್ಮ ದಾನಿಗಳೇ ಆದ್ದರಿಂದ ಆ ಭಾಷೆ ಬಲ್ಲ ಒಬ್ಬರು ಸಿಬ್ಬಂದಿಯಲ್ಲಿ ಇರಬೇಕು. ದಾನಿಯ ಜೊತೆ ಬಂದ ಗೆಳೆಯನನ್ನೇ ದುಭಾಷಿಯಾಗಿ ಕೂರಿಸಿ ಕೇಳುವುದಕ್ಕಿಂತ ಅಂದು ರಕ್ತ ತೆಗೆಯದಿರುವುದೇ ಮೇಲು.

ಒಬ್ಬರೇ ಕೂರುವ ಜಾಗ

ಇಷ್ಟೆಲ್ಲ ಕೇಳಲು ಒಂದು ಪರದೆಯಾದರೂ ಬೇಕು. ಕಾಲೇಜಿನ ಸಭಾಂಗಣದಲ್ಲಿ ಸಾಲಾಗಿ ಕುರ್ಚಿ ಹಾಕಿ, ಹಿಂದೆ ನಿಂತ ಗೆಳೆಯರ ಕಿವಿಗೆ ಬೀಳುವಂತೆ ಪ್ರಶ್ನೆ ಕೇಳುವ ಶಿಬಿರಗಳನ್ನು ನಾನು ನೋಡಿದ್ದೇನೆ. ಅಲ್ಲಿ ಎಲ್ಲರ ಉತ್ತರವೂ ‘ಇಲ್ಲ’ವೇ ಆಗಿರುತ್ತದೆ. ಶಿಬಿರದ ಆಯೋಜಕರೊಂದಿಗೆ ಜಾಗ ಗೊತ್ತುಮಾಡುವಾಗಲೇ ಬಾಗಿಲಿರುವ ಒಂದು ಸಣ್ಣ ಕೋಣೆಯನ್ನು ಕೇಳಿ ಪಡೆಯಬೇಕು.

ಆಸ್ಪತ್ರೆಯಲ್ಲಿ ರೋಗಿಗೆ ಕೊಡುವ ರಕ್ತಕ್ಕೆ ಬದಲಿಯಾಗಿ ರಕ್ತ ಕೊಡಲು ಬರುವ ಸಂಬಂಧಿಕರ ಸ್ಥಿತಿ ಇನ್ನೂ ಇಕ್ಕಟ್ಟಿನದು. ಹಣಕ್ಕಾಗಿ ರಕ್ತ ಕೊಡುವ ಪದ್ಧತಿಯನ್ನು ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ನಿಷೇಧಿಸಲಾಗಿದೆ. ಆದರೆ ಹೆರಿಗೆ ಕೋಣೆಯ ಹೊರಗೆ ಇಡೀ ಬಳಗ ನಿಂತು ‘ನೀನೇ ಕೊಡಬೇಕು’ ಎಂದು ಅಳಿಯನತ್ತ ನೋಡುವಾಗ ಅವನ ಮೇಲಿರುವ ಒತ್ತಡ ಹಣದ ಆಸೆಗಿಂತ ಕಡಿಮೆಯೇನಲ್ಲ. ಅಂಥವರಿಗೆ ಮಾನ ಉಳಿಸಿಕೊಂಡು ಹೊರಹೋಗುವ ದಾರಿ ಬಿಡಬೇಕು. ಒಳಗೆ ಕರೆದು, ‘ನಿಮ್ಮ ರಕ್ತ ಬೇಡವೆಂದು ನಿಮಗೇ ಅನ್ನಿಸಿದರೆ ನನಗೊಬ್ಬರಿಗೆ ಹೇಳಿ, ಹೊರಗಿದ್ದವರಿಗೆ ನಾವೇನೂ ಹೇಳುವುದಿಲ್ಲ’ ಎನ್ನಬೇಕು. ರಕ್ತ ಕೊಟ್ಟ ಮೇಲೆ ಮನಸ್ಸು ಅಳುಕಿದವರಿಗೆ ಕರೆ ಮಾಡಲು ಕೇಂದ್ರದ ದೂರವಾಣಿ ಸಂಖ್ಯೆ ಇರುವ ಚೀಟಿ ಕೊಟ್ಟು, ಮುಂದಿನ ದಿನಗಳಲ್ಲಿ ಜ್ವರ ಬಂದರೂ ಅದೇ ಸಂಖ್ಯೆಗೆ ತಿಳಿಸಲು ಹೇಳಬೇಕು. ‘ಉಚಿತವಾಗಿ ಎಚ್‌ಐವಿ ನೋಡುತ್ತಾರೆ’ ಎಂಬ ಕಾರಣಕ್ಕೇ ರಕ್ತ ಕೊಡಲು ಬರುವವರೂ ಇದ್ದಾರೆ. ಅವರನ್ನು ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಐಸಿಟಿಸಿ (ಸಮಾಲೋಚನೆ ಮತ್ತು ಪರೀಕ್ಷೆಯ) ಕೇಂದ್ರಕ್ಕೆ ಕಳಿಸಿ, ಅಲ್ಲಿಯೂ ಪರೀಕ್ಷೆ ಉಚಿತವೇ ಎಂದು ತಿಳಿಸಬೇಕು.

ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ, ಗಂಡಸರಿಗೆ 90 ದಿನ ಮತ್ತು ಹೆಂಗಸರಿಗೆ 120 ದಿನಗಳ ಅಂತರ ಎಂಬ ಸಾಮಾನ್ಯ ಅರ್ಹತೆಗಳು ಎಲ್ಲರಿಗೂ ಗೊತ್ತಿರುವಂಥವು, ಇಲ್ಲಿ ವಿವರಿಸುವುದಿಲ್ಲ.

ಟ್ಯೂಬ್, ಚೀಟಿ ಮತ್ತು ಬಿಸಿಲು

ಪರೀಕ್ಷೆಗೆಂದು ಬೇರೆಯಾಗಿ ಚುಚ್ಚಬೇಕಿಲ್ಲ. ಚೀಲ ತುಂಬಿಸುವ ಅದೇ ಸೂಜಿಯಿಂದ ಮಾದರಿ ಟ್ಯೂಬ್‌ಗಳನ್ನು ತುಂಬಬೇಕು. ಚೀಲದ ಸಂಖ್ಯೆ, ಟ್ಯೂಬ್‌ಗಳ ಸಂಖ್ಯೆ, ದಾನಿಯ ನಮೂನೆಯ ಸಂಖ್ಯೆ ಇವು ಮೂರೂ ಒಂದೇ ಎಂದು ದಾನಿ ಮಂಚದಿಂದ ಏಳುವ ಮೊದಲೇ ಗಟ್ಟಿಯಾಗಿ ಓದಿ ನೋಡಬೇಕು. ಮುಂಚಿತವಾಗಿ ಹತ್ತು ಟ್ಯೂಬ್‌ಗಳಿಗೆ ಚೀಟಿ ಅಂಟಿಸಿಟ್ಟುಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಒಂದು ಮೇ ತಿಂಗಳ ಶಿಬಿರದಲ್ಲಿ, 42 ಡಿಗ್ರಿ ದಾಟಿದ ಬಿಸಿಲಿನಲ್ಲಿ, ಮಂಜುಗಡ್ಡೆ ಕರಗಿದ ನೀರಿಗೆ ಪೆಟ್ಟಿಗೆಯೊಳಗಿನ ಎರಡು ಟ್ಯೂಬ್‌ಗಳ ಚೀಟಿಗಳು ಕಿತ್ತು ತಳದಲ್ಲಿ ಬಿದ್ದಿದ್ದವು. ಯಾವುದು ಯಾವುದರದೆಂದು ಊಹಿಸಬಹುದಿತ್ತು, ಊಹಿಸಲಿಲ್ಲ. ಎರಡೂ ಚೀಲಗಳನ್ನು ಬಳಸದೆ ನಾಶಮಾಡಿದೆವು. ಅಂದಿನಿಂದ ನೀರಿಗೆ ಜಗ್ಗದ ಚೀಟಿ ಮತ್ತು ಅಳಿಸದ ಪೆನ್ನಿನಿಂದ ಟ್ಯೂಬ್‌ನ ಮೇಲೆಯೇ ಸಂಖ್ಯೆ, ಎರಡನ್ನೂ ಬಳಸುತ್ತಿದ್ದೇನೆ. ಮಂಜುಗಡ್ಡೆಗೆ ಟ್ಯೂಬ್ ನೇರವಾಗಿ ತಾಗಿದರೆ ರಕ್ತಕಣ ಒಡೆದು ಸೀರಂ ಕೆಂಪಾಗುತ್ತದೆ, ಅಂಥ ಮಾದರಿ ತಪ್ಪು ಫಲಿತಾಂಶ ಕೊಡಬಹುದು. ಚಿಂಚೋಳಿಯಿಂದ ಕಲಬುರಗಿಗೆ, ಔರಾದದಿಂದ ಬೀದರಿಗೆ ಮರಳುವ ದಾರಿಯಲ್ಲಿ ಪೆಟ್ಟಿಗೆಯ ಉಷ್ಣಮಾಪಕವನ್ನು ಒಮ್ಮೆಯಾದರೂ ನೋಡಿ.

ಎಲೈಸಾ ತಟ್ಟೆಯ ಮುಂದೆ

96 ಗುಳಿಗಳ ತಟ್ಟೆಯಲ್ಲಿ ಮಾದರಿ ಹಾಕುವುದು, 37 ಡಿಗ್ರಿಯಲ್ಲಿ ಕಾವು ಕೊಡುವುದು, ತೊಳೆಯುವುದು, ಬಣ್ಣ ತರಿಸುವ ಕಿಣ್ವ ಸೇರಿದ ಕಾಂಜುಗೇಟ್ ಎಂಬ ದ್ರಾವಣ ಹಾಕುವುದು, ಮತ್ತೆ ತೊಳೆಯುವುದು, ಕತ್ತಲಲ್ಲಿ ಬಣ್ಣ ಬರಲು ಬಿಡುವುದು, ಆಮ್ಲ ಹಾಕಿ ನಿಲ್ಲಿಸುವುದು, 450 ನ್ಯಾನೋಮೀಟರಿನಲ್ಲಿ ಓದುವುದು ಎಂಬ ಕ್ರಮ ಹೆಚ್ಚುಕಡಿಮೆ ಎಲ್ಲ ಕಿಟ್‌ಗಳಿಗೂ ಒಂದೇ. ಸಮಯ ಮತ್ತು ಪ್ರಮಾಣಗಳನ್ನು ಮಾತ್ರ ಆಯಾ ಕಿಟ್‌ನ ಹಾಳೆಯಿಂದಲೇ ಪ್ರತಿ ಸಲವೂ ಓದಿಕೊಳ್ಳಬೇಕು. ಕಂಪನಿ ಬದಲಾದಾಗ ಹಳೆಯ ಹಾಳೆ ಗೋಡೆಯ ಮೇಲೆ ಹಾಗೆಯೇ ಉಳಿದಿರುವುದು ಎಲ್ಲೆಡೆ ಕಾಣುವ ತಪ್ಪು. 2ರಿಂದ 8 ಡಿಗ್ರಿಯಲ್ಲಿದ್ದ ಕಿಟ್ ಅನ್ನು ಸುಮಾರು ಅರ್ಧ ಗಂಟೆ ಹೊರಗಿಟ್ಟು ಕೋಣೆಯ ಉಷ್ಣತೆಗೆ ತಂದುಕೊಳ್ಳಬೇಕು, ಆದರೆ ನಮ್ಮ ಬೇಸಿಗೆಯಲ್ಲಿ ‘ಕೋಣೆಯ ಉಷ್ಣತೆ’ ಎಂದರೆ ಹವಾನಿಯಂತ್ರಣ ನಡೆಯುತ್ತಿರುವ ಕೋಣೆಯದು ಎಂದೇ ತಿಳಿಯಬೇಕು. ವಿದ್ಯುತ್ ಹೋಗಿ ಕಾವುಪೆಟ್ಟಿಗೆ ನಡುವೆ ನಿಂತಿದ್ದರೆ ಸಮಯ ಕೂಡಿಸಿ ಸರಿದೂಗಿಸಲು ಹೋಗದೆ ಇಡೀ ತಟ್ಟೆಯನ್ನು ಹೊಸದಾಗಿ ಮಾಡಬೇಕು.

ತಪ್ಪುಗಳಲ್ಲಿ ಹೆಚ್ಚಿನವು ತೊಳೆಯುವ ಹಂತದಲ್ಲಿ ಹುಟ್ಟುತ್ತವೆ. ಯಂತ್ರದ ಒಂದು ನಳಿಗೆ ಕಟ್ಟಿಕೊಂಡರೆ ಆ ಸಾಲಿನ ಗುಳಿಗಳಲ್ಲಿ ಕಾಂಜುಗೇಟ್ ಉಳಿದು, ಸೋಂಕಿಲ್ಲದವರೂ ರಿಯಾಕ್ಟಿವ್ (ಪರೀಕ್ಷೆಯಲ್ಲಿ ಸೋಂಕಿನ ಸುಳಿವು ಇರುವವರು) ಎಂದು ಕಾಣುತ್ತಾರೆ. ಒಂದೇ ಸಾಲಿನಲ್ಲಿ ಮೂರ್ನಾಲ್ಕು ರಿಯಾಕ್ಟಿವ್ ಬಂದರೆ ದಾನಿಗಳನ್ನು ಅನುಮಾನಿಸುವ ಮೊದಲು ನಳಿಗೆಯನ್ನು ನೋಡಿ. ಕಿಟ್‌ನ ಫಲಿತಾಂಶ ಮೊದಲೇ ಗೊತ್ತಿರುವ ನೆಗೆಟಿವ್ ಮತ್ತು ಪಾಸಿಟಿವ್ ಕಂಟ್ರೋಲ್‌ಗಳು ಹಾಳೆಯಲ್ಲಿ ಹೇಳಿದ ಮಿತಿಯೊಳಗೆ ಬರದಿದ್ದರೆ ಆ ತಟ್ಟೆಯ ಯಾವ ಫಲಿತಾಂಶವನ್ನೂ ಬರೆಯುವಂತಿಲ್ಲ. ಇದರ ಜೊತೆಗೆ ಹೊರಗಿನಿಂದ ತಂದ, ದುರ್ಬಲ ಪಾಸಿಟಿವ್ ಆದ ಒಂದು ಕಂಟ್ರೋಲ್ ಅನ್ನು ಪ್ರತಿ ತಟ್ಟೆಯಲ್ಲಿಯೂ ಇಟ್ಟು ಅದರ ಮೌಲ್ಯವನ್ನು ದಿನದಿನವೂ ಗ್ರಾಫಿನಲ್ಲಿ ಗುರುತಿಸುತ್ತ ಹೋದರೆ ಕಿಟ್ ಕ್ಷೀಣಿಸುತ್ತಿರುವುದು ಮುಂಚೆಯೇ ಕಣ್ಣಿಗೆ ಬೀಳುತ್ತದೆ. ಕಟ್‌ಆಫ್‌ಗಿಂತ (ರಿಯಾಕ್ಟಿವ್ ಎನ್ನುವ ಗಡಿಗಿಂತ) ಸ್ವಲ್ಪವೇ ಕೆಳಗಿರುವ ಮೌಲ್ಯವನ್ನು ನೆಗೆಟಿವ್ ಎಂದು ಬರೆದು ಚೀಲ ಬಿಡುಗಡೆ ಮಾಡಬಾರದು. ಹತ್ತು ಪ್ರತಿಶತದೊಳಗಿನ ಈ ಮಬ್ಬು ಪಟ್ಟಿಯ ಮಾದರಿಗಳನ್ನು ಮರುಪರೀಕ್ಷಿಸಬೇಕು. ರಾತ್ರಿ ತುರ್ತಿಗೆ ರ್‍ಯಾಪಿಡ್ ಕಿಟ್ ಬಳಸಬೇಕಾಗಿ ಬಂದರೆ ಹಾಳೆಯಲ್ಲಿರುವ ನಿಮಿಷಕ್ಕೆ ಸರಿಯಾಗಿ ಓದಬೇಕು, ತಡವಾಗಿ ಮೂಡಿದ ಗೆರೆಗೆ ಅರ್ಥವಿಲ್ಲ.

ಎಲ್ಲ ಫಲಿತಾಂಶಗಳೂ ಬರುವವರೆಗೆ ಚೀಲಗಳು ಬೇರೆ ಶೈತ್ಯಪೆಟ್ಟಿಗೆಯಲ್ಲಿ, ‘ಪರೀಕ್ಷೆ ಆಗಿಲ್ಲ’ ಎಂಬ ಫಲಕದಡಿ ಇರಬೇಕು. ಒಂದು ಚೀಲದಿಂದ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇರ್ಪಡಿಸಿದ್ದರೆ ರಿಯಾಕ್ಟಿವ್ ಬಂದಾಗ ಮೂರನ್ನೂ ಹುಡುಕಿ ತೆಗೆಯಬೇಕು. ಅವನ್ನು ಕೇಂದ್ರದಲ್ಲಿಯೇ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ರೋಗಾಣು ನಾಶಮಾಡಿ), 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ ಚೀಲಕ್ಕೆ ಹಾಕಿ, ದಾಖಲೆಯಲ್ಲಿ ಇಬ್ಬರು ಸಹಿ ಮಾಡಬೇಕು. ಆ ದಾನಿ ಹಿಂದೆಯೂ ನಮ್ಮಲ್ಲಿ ಕೊಟ್ಟವರಾಗಿದ್ದರೆ ಹಳೆಯ ನೋಂದಣಿ ಪುಸ್ತಕ ತೆಗೆದು ಆಗಿನ ರಕ್ತ ಯಾರಿಗೆ ಹೋಯಿತೆಂದು ನೋಡಬೇಕಾಗುತ್ತದೆ. ದಾಖಲೆಗಳನ್ನು ಐದು ವರ್ಷ ಕಾಯ್ದಿಡಬೇಕೆಂಬ ನಿಯಮ ಆಗ ಉಪಯೋಗಕ್ಕೆ ಬರುತ್ತದೆ.

ರಿಯಾಕ್ಟಿವ್ ಬಂದವರಿಗೆ ತಿಳಿಸುವುದು

ರಕ್ತ ಕೇಂದ್ರದಲ್ಲಿ ರಿಯಾಕ್ಟಿವ್ ಬಂದದ್ದು ರೋಗನಿರ್ಣಯವಲ್ಲ. ಲೆಕ್ಕಕ್ಕೆಂದು ಹೀಗೆ ಊಹಿಸಿ: 10,000 ದಾನಿಗಳಲ್ಲಿ ನಿಜವಾಗಿ ಸೋಂಕಿರುವವರು 20 ಮಂದಿ, ಪರೀಕ್ಷೆ ಅವರೆಲ್ಲರನ್ನೂ ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ ಮಾತ್ರ ಇನ್ನೂರಕ್ಕೆ ಒಬ್ಬರಲ್ಲಿ ತಪ್ಪುತ್ತದೆ. ಆಗ ಸುಮಾರು 50 ಜನ ಆರೋಗ್ಯವಂತರೂ ರಿಯಾಕ್ಟಿವ್ ಪಟ್ಟಿಗೆ ಸೇರುತ್ತಾರೆ. ಅಂದರೆ ಒಟ್ಟು 70ರಲ್ಲಿ 20 ಮಂದಿಗೆ ಮಾತ್ರ ಸೋಂಕು. ಚೀಲವನ್ನು ಎಸೆಯಲು ಇಷ್ಟು ಅನುಮಾನ ಸಾಕು, ಒಬ್ಬ ಮನುಷ್ಯನಿಗೆ ‘ನಿಮಗೆ ಎಚ್‌ಐವಿ ಇದೆ’ ಎನ್ನಲು ಖಂಡಿತ ಸಾಲದು. ಆದ್ದರಿಂದ ಎಚ್‌ಐವಿಗೆ ಐಸಿಟಿಸಿಯಲ್ಲಿ ಬೇರೆ ಬೇರೆ ಕಿಟ್‌ಗಳಿಂದ ದೃಢಪಡಿಸುವ ಪರೀಕ್ಷೆ ಆಗಬೇಕು. ಹೆಪಟೈಟಿಸ್ ಬಿ ಮತ್ತು ಸಿ ಬಂದವರನ್ನು ವೈದ್ಯಕೀಯ ವಿಭಾಗಕ್ಕೆ ಕಳಿಸಬೇಕು; 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಉಚಿತವಾಗಿವೆ. ಹೆಪಟೈಟಿಸ್ ಸಿ ಬಹುತೇಕರಲ್ಲಿ 12 ವಾರಗಳ ಮಾತ್ರೆಗಳಿಂದ ಪೂರ್ತಿ ವಾಸಿಯಾಗುವ ಸೋಂಕು ಎಂಬುದನ್ನು ಅವರಿಗೆ ಹೇಳಿಯೇ ಕಳಿಸಬೇಕು.

ರಕ್ತ ತೆಗೆಯುವ ಮೊದಲೇ ಫಲಿತಾಂಶ ತಿಳಿಸಲು ಒಪ್ಪಿಗೆ ಪಡೆದು, ದಾನಿಯ ಸ್ವಂತ ಮೊಬೈಲ್ ಸಂಖ್ಯೆಯನ್ನೇ ಬರೆದುಕೊಂಡಿರಬೇಕು. ಶಿಬಿರ ನಡೆಸಿದ ಸಂಘದವರು ಅಭಿಮಾನದಿಂದಲೇ ಕೇಳುತ್ತಾರೆ: ‘ನಮ್ಮ ಹುಡುಗರದು ಯಾರದಾರ ಏನಾರ ಬಂದದೇನ್ರಿ?’ ಇದಕ್ಕೆ ಹೆಸರಿಲ್ಲದ ಉತ್ತರವನ್ನೂ ಕೊಡಬಾರದು. ‘ಒಬ್ಬರದು ಬಂದಿದೆ’ ಎಂದರೆ ಸಂಜೆಯೊಳಗೆ ಊರು ಆ ಒಬ್ಬನನ್ನು ಹುಡುಕಿಬಿಡುತ್ತದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ.

ಕರೆ ಮಾಡುವಾಗ ಹೇಳಬೇಕಾದದ್ದು ಇಷ್ಟೇ: ‘ನೀವು ಕೊಟ್ಟ ರಕ್ತದ ಒಂದು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾಗಿದೆ, ಬಿಡುವಾದಾಗ ಕೇಂದ್ರಕ್ಕೆ ಒಬ್ಬರೇ ಬನ್ನಿ.’ ಯಾವ ಪರೀಕ್ಷೆ ಎಂದು ಎಷ್ಟು ಕೇಳಿದರೂ ಫೋನಿನಲ್ಲಿ ಹೇಳಬಾರದು. ವಾಟ್ಸಾಪ್ ಸಂದೇಶ ಬೇಡ, ಲಕೋಟೆಯ ಮೇಲೆ ಕೇಂದ್ರದ ಮೊಹರು ಬೇಡ. ಫೋನನ್ನು ಮನೆಯವರು ಎತ್ತಿದರೆ ‘ಅಣ್ಣಾವ್ರು ಬಂದ ಮ್ಯಾಲೆ ಮತ್ತ ಮಾಡ್ತೀನ್ರಿ’ ಎಂದು ಇಟ್ಟು, ಸಂಜೆ ಹೊಲದಿಂದ ಮರಳಿದ ಮೇಲೆ ಇನ್ನೊಮ್ಮೆ ಮಾಡಬೇಕು.